ಗರ ಐದು ಅಂದ ಮಾತ್ರಕ್ಕೆ ಐದರಲ್ಲೊಂದಾ?

ಪ್ರಶ್ನೆ: ಇಂಡಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಸಂಭವನೀಯತೆಯ ಲೆಕ್ಕಗಳನ್ನು ಹತ್ತನೇ ತರಗತಿ ಮಕ್ಕಳು ಚೆನ್ನಾಗಿ ಬಿಡಿಸುತ್ತಾರೆ. ಆದರೆ ‘ನೀವೇ ಒಂದು ಲೆಕ್ಕ ಮಾಡಿ ತನ್ನಿ’ ಅಂದರೆ ಪುಸ್ತಕದ್ದೇ ದಾಳ, ಅದೇ ಚೀಲ, ಚೆಂಡಿನ ಬಣ್ಣ ಮಾತ್ರ ಬೇರೆ. ಏನು ಮಾಡಲಿ? ಇಂಥ ಲೆಕ್ಕಕ್ಕೆ ಅಂಕ ಹೇಗೆ ಕೊಡಲಿ?
– ಶಿಕ್ಷಕಿ, ವಿಜಯಪುರ ಜಿಲ್ಲೆ

ಉತ್ತರ: ಅಕ್ಕೋರೇ, ಬಣ್ಣ ಬದಲಿಸಿದ್ದೂ ಶುರುವೇ, ಬೈಯಬೇಡಿ. ಖಾಲಿ ಹಾಳೆ ಕೊಟ್ಟು ಲೆಕ್ಕ ಹುಟ್ಟಿಸಿ ಅಂದರೆ ದೊಡ್ಡವರಿಗೂ ಏನೂ ಹೊಳೆಯುವುದಿಲ್ಲ. ಅವರು ಆಡುವ ಚೌಕಾಬಾರವನ್ನೇ ತರಗತಿಗೆ ತನ್ನಿ. ನಾಲ್ಕು ಕವಡೆ ಉರುಳಿಸಿದರೆ ಬೀಳುವ ಗರ 1, 2, 3, 4, ಇಲ್ಲಾ 8. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಗರ, ಎಲ್ಲ ಬೋರಲು ಬಿದ್ದರೆ 8 ಅಂತ ಇಟ್ಟುಕೊಂಡಿದ್ದೇನೆ, ನಿಮ್ಮೂರ ನಿಯಮ ಬೇರೆಯಿದ್ದರೆ ಮಕ್ಕಳೇ ಜಗಳ ತೆಗೆದು ಹೇಳುತ್ತಾರೆ. ‘8 ಬೀಳುವ ಸಂಭವನೀಯತೆ ಎಷ್ಟು?’ ಅಂತ ಕೇಳಿ ಸುಮ್ನೆ ನಿಲ್ಲಿ. ಗರ ಐದು, ಹಾಗಾಗಿ 1/5 ಅಂತ ಅರ್ಧ ತರಗತಿ ಕೂಗುತ್ತದೆ. ಆಡಿ ಪಳಗಿದವಳೊಬ್ಬಳು ‘ಎಂಟ ಅಷ್ಟ್ ಲಗೂ ಎಲ್ಲಿ ಬೀಳತೈತ್ರಿ’ ಅನ್ನದೇ ಇರುವುದಿಲ್ಲ. ಅವಳ ಅನುಮಾನದಿಂದ ಪಾಠ ಶುರು ಮಾಡಿ.

ಪ್ರತಿ ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮ ಅಂದುಕೊಂಡರೆ ಒಟ್ಟು 16 ಫಲಿತಾಂಶ. ಅದರಲ್ಲಿ 8ಕ್ಕೆ ಒಂದೇ ದಾರಿ, 4ಕ್ಕೂ ಒಂದೇ. 1ಕ್ಕೆ ನಾಲ್ಕು, 3ಕ್ಕೂ ನಾಲ್ಕು, 2ಕ್ಕೆ ಆರು. ಅಂದರೆ 8ಕ್ಕೆ 1/16. 1/5 ಎಂದವರನ್ನು ನೋಡಿ ನಗಬೇಡಿ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳುವ ಸಂಭವನೀಯತೆ 2/3 ಅಂತ ಫ್ರೆಂಚ್ ಗಣಿತಜ್ಞ ದಾಲಂಬೇರ್ 1754ರಲ್ಲಿ ವಿಶ್ವಕೋಶದಲ್ಲೇ ಬರೆದಿದ್ದರು. ಮೊದಲ ಸಲ ಹೆಡ್ ಬಿದ್ದರೆ ಆಟ ಅಲ್ಲಿಗೇ ಮುಗೀತು, ಹಾಗಾಗಿ ಮೂರೇ ಫಲಿತಾಂಶ (ಮೊದಲೇ ಹೆಡ್, ಟೇಲ್ ಆದಮೇಲೆ ಹೆಡ್, ಎರಡೂ ಟೇಲ್) ಅನ್ನುವುದು ಅವರ ವಾದ. ಮೂರೂ ಸಮವಲ್ಲ, ಅದೇ ಎಡವಟ್ಟು. ಸರಿಯುತ್ತರ 3/4.

ಆಮೇಲೆ ಬೋರ್ಡ್ ಮೇಲೆ 3/8 ಬರೆದು ‘ಉತ್ತರ ಇದು, ಪ್ರಶ್ನೆ ಯಾವುದು?’ ಅಂತ ಕೇಳಿ. ಒಬ್ಬ ಕವಡೆಯಲ್ಲಿ 2ರ ಗರ ಅನ್ನಬಹುದು, ಇನ್ನೊಬ್ಬಳು ಮೂರು ನಾಣ್ಯದಲ್ಲಿ ಎರಡೇ ಹೆಡ್ ಅನ್ನಬಹುದು. ಎರಡೂ ಸರಿ.

ನನಗೆ ಜಾಸ್ತಿ ಇಷ್ಟವಾದ ಪ್ರಶ್ನೆ ಬೇರೆ: ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ, ಎರಡೂ ಕಡೆ ಸಮ ಯಾಕೆ ಬೀಳಬೇಕು? ಇದನ್ನು ಪುಸ್ತಕ ಹೇಳುವುದಿಲ್ಲ, ಉರುಳಿಸಿಯೇ ನೋಡಬೇಕು. ಗುಂಪಿಗೆ ನೂರು ಸಲ ಉರುಳಿಸಿ, ಗೀಟು ಹಾಕಿ, ಎಲ್ಲ ಗುಂಪಿನದ್ದು ಕೂಡಿಸಲಿ. ಕವಡೆ ಇಲ್ಲವಾ, ಒಂದು ಮಗ್ಗುಲು ತಿಕ್ಕಿ ಬಿಳಿ ಮಾಡಿದ ಹುಣಸೆ ಬೀಜವೂ ಆದೀತು. ಅಂಗಾತ ಬೀಳುವುದು 0.6 ಅಂತ ಬಂತು ಅಂದುಕೊಳ್ಳಿ, ಆಗ 4ರ ಸಂಭವನೀಯತೆ ಸುಮಾರು 0.13ಕ್ಕೆ ಏರುತ್ತದೆ, 8ರದು 0.03ಕ್ಕಿಂತ ಕೆಳಗಿಳಿಯುತ್ತದೆ. ಹಾಗಾದರೆ 8ಕ್ಕೆ ಎಂಟೇ ಮನೆ ಕೊಡುವುದು ನ್ಯಾಯವಾ? ಇದನ್ನು ಯಾವುದಾದರೂ ಮಗು ತಾನಾಗಿ ಕೇಳಿದರೆ ಅವತ್ತಿನ ಪಾಠ ಬಿಟ್ಟು ಅದರ ಹಿಂದೆ ಹೋಗಿ.

ಅಂಕದ ವಿಷಯಕ್ಕೆ ಬಂದರೆ, ಬರೆದ ಲೆಕ್ಕವನ್ನು ಪಕ್ಕದವರು ಬಿಡಿಸಲಿ. ಎಷ್ಟು ಕವಡೆ, ಎಷ್ಟು ಸಲ ಅಂತ ಹೇಳುವುದನ್ನೇ ಮರೆತಿದ್ದರೆ ಸೊನ್ನೆ ಹಾಕಬೇಡಿ, ಏನು ಕಡಿಮೆಯಾಯ್ತು ಅಂತ ಆ ಪಕ್ಕದವರೇ ಚೀಟಿ ಬರೆದು ವಾಪಸ್ ಕೊಡಲಿ.