ಹಳೆಯ ತಟ್ಟೆಗಳು: ಹಾಡಿಗೆ ಹಾಡೇ ಜವಾಬು

ಪ್ರಶ್ನೆ: ಅಮೆರಿಕದ ಹಳೆಯ ಕಂಟ್ರಿ ಹಾಡುಗಳನ್ನು ಇತ್ತೀಚೆಗೆ ಕೇಳತೊಡಗಿದ್ದೇನೆ. ಹ್ಯಾಂಕ್ ಥಾಂಪ್ಸನ್ ಅವರ ‘ದಿ ವೈಲ್ಡ್ ಸೈಡ್ ಆಫ್ ಲೈಫ್’ ಮತ್ತು ಕಿಟ್ಟಿ ವೆಲ್ಸ್ ಅವರ ‘ಇಟ್ ವಾಸಂಟ್ ಗಾಡ್ ಹೂ ಮೇಡ್ ಹಾಂಕಿ ಟಾಂಕ್ ಏಂಜೆಲ್ಸ್’ (ಹಾಂಕಿ ಟಾಂಕ್ ಎಂದರೆ ಹಾಡು ಕುಣಿತದ ಅಗ್ಗದ ಮದ್ಯದಂಗಡಿ) ಎರಡರ ಧಾಟಿಯೂ ಒಂದೇ, ಎರಡೂ 1952ರವು. ಇದರಲ್ಲಿ ಕದ್ದವರು ಯಾರು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕಳವಿನ ಮಾತು ಇಲ್ಲಿ ಸಲ್ಲದು. ಆ ಧಾಟಿ ಅವರಿಬ್ಬರದೂ ಅಲ್ಲ. 1929ರಲ್ಲಿ ವರ್ಜೀನಿಯಾದ ಕಾರ್ಟರ್ ಫ್ಯಾಮಿಲಿ ಎಂಬ ತಂಡ ಅದೇ ಧಾಟಿಯಲ್ಲಿ ‘ಐಯಾಮ್ ಥಿಂಕಿಂಗ್ ಟುನೈಟ್ ಆಫ್ ಮೈ ಬ್ಲೂ ಐಸ್’ ಎಂಬ ವಿರಹದ ಹಾಡನ್ನು ಗ್ರಾಮೊಫೋನ್ ತಟ್ಟೆಗೆ ಹಾಡಿತ್ತು. 1936ರಲ್ಲಿ ರಾಯ್ ಏಕಫ್ ಅದಕ್ಕೇ ‘ದಿ ಗ್ರೇಟ್ ಸ್ಪೆಕಲ್ಡ್ ಬರ್ಡ್’ ಎಂಬ ಭಕ್ತಿಗೀತೆಯನ್ನು ಕೂಡಿಸಿದರು. ಅದರಲ್ಲಿ ಬರುವ ಹಕ್ಕಿ ಬೈಬಲ್ಲಿನ ಯೆರೆಮೀಯನ ಗ್ರಂಥದ್ದು. ವಿರಹಕ್ಕೂ ಪ್ರಾರ್ಥನೆಗೂ ಒದಗಿದ್ದ ಧಾಟಿ 1952ರಲ್ಲಿ ಗಂಡು ಹೆಣ್ಣಿನ ವ್ಯಾಜ್ಯಕ್ಕೆ ಒದಗಿತು.

ನೀವು ಧಾಟಿಯನ್ನು ಬಿಟ್ಟು ಆ ವ್ಯಾಜ್ಯವನ್ನು ಕೇಳಬೇಕು. ಥಾಂಪ್ಸನ್ ಅವರ ಹಾಡಿನಲ್ಲಿ ಹೆಂಡತಿಯನ್ನು ಕಳೆದುಕೊಂಡ ಗಂಡಸು ಗೋಳಾಡುತ್ತಾನೆ. ಸಂಸಾರ ಬಿಟ್ಟು ಮದ್ಯದಂಗಡಿಯ ದೀಪಗಳ ಕಡೆಗೆ ಹೋದಳಲ್ಲ, ಇಂಥ ಹೆಂಗಸರನ್ನೂ ದೇವರು ಸೃಷ್ಟಿಸಿದ್ದಾನೆಂದು ತಿಳಿದಿರಲಿಲ್ಲ ಎಂಬುದು ಅವನ ದೂರು. ಅಮೆರಿಕದ ಜೂಕ್‌ಬಾಕ್ಸ್‌ಗಳಲ್ಲೆಲ್ಲ (ಕಾಸು ಹಾಕಿದರೆ ಹಾಡು ನುಡಿಸುವ ಯಂತ್ರ) ಅದೇ ಹಾಡು. ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ 15 ವಾರ ಮೊದಲ ಸ್ಥಾನ. ಲೂಯಿಸಿಯಾನದ ಕ್ರೌಲಿ ಎಂಬ ಊರಿನ ಜೆ.ಡಿ. ಮಿಲ್ಲರ್ ಇದಕ್ಕೆ ಹೆಣ್ಣಿನ ಕಡೆಯಿಂದ ಉತ್ತರ ಬರೆದರು. ಕೆಡಿಸಿದವನು ದೇವರಲ್ಲ, ಮದುವೆಯಾಗಿಯೂ ತಾವಿನ್ನೂ ಬ್ರಹ್ಮಚಾರಿಗಳೆಂದುಕೊಂಡು ತಿರುಗುವ ಗಂಡಸರು ಎಂಬುದು ಅದರ ವಾದ.

ಗದಗದ ಕಡೆಯ ಜಾತ್ರೆಗಳಲ್ಲಿ ಗೀಗೀ ಮೇಳ ಕೇಳಿ ಬೆಳೆದವಳು ನಾನು. ಹರದೇಶಿಯವರು ಗಂಡು ಹೆಚ್ಚೆಂದು ಹಾಡಿ ಸವಾಲೆಸೆದರೆ ನಾಗೇಶಿಯವರು ಹೆಣ್ಣಿನ ಪರವಾಗಿ ಹಾಡಿಯೇ ಜವಾಬು ಕೊಡಬೇಕು. ಈ ಎರಡು ತಟ್ಟೆಗಳನ್ನು ಒಂದರ ಹಿಂದೊಂದು ಹಾಕಿ ಕೇಳಿ, ಅದೇ ಬಿಸಿ ತಟ್ಟುತ್ತದೆ. ಎದುರಾಳಿಯ ಧಾಟಿಯಲ್ಲೇ ನಿಂತು ಅವನ ಮಾತನ್ನು ಮುರಿಯುವುದು ದೊಡ್ಡ ಕಲೆ.

ಹಾಡಿದವರ ಕಥೆ ನನಗೆ ಇನ್ನೂ ಪ್ರಿಯ. ಕಿಟ್ಟಿ ವೆಲ್ಸ್ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನಲ್ಲೇ ಹುಟ್ಟಿದವರು, ನಿಜವಾದ ಹೆಸರು ಮ್ಯೂರಿಯಲ್ ಡೀಸನ್. 1952ರ ಮೇ 3ರಂದು ಡೆಕ್ಕಾ ಕಂಪನಿಗೆ ಈ ಹಾಡು ಹಾಡುವಾಗ ಅವರಿಗೆ ಮೂವತ್ತೆರಡು ವರ್ಷ, ಮಕ್ಕಳಿದ್ದ ಗೃಹಿಣಿ. ಹಾಡುವುದನ್ನೇ ಬಿಟ್ಟುಬಿಡುವ ಯೋಚನೆಯಲ್ಲಿದ್ದ ಅವರು ಆ ದಿನ ಬಂದದ್ದು ಮುಖ್ಯವಾಗಿ ಸಂಗೀತಗಾರರ ಸಂಘದ ದರದ 125 ಡಾಲರ್ ಸಂಭಾವನೆಗಾಗಿ. ಹೆಂಗಸರ ಕಂಟ್ರಿ ತಟ್ಟೆಗಳು ಮಾರಾಟವಾಗುವುದಿಲ್ಲ ಎಂದು ಕಂಪನಿಗಳು ನಂಬಿದ್ದ ಕಾಲ ಅದು. ಎನ್‌ಬಿಸಿ ರೇಡಿಯೊ ಜಾಲ ಹಾಡನ್ನು ನಿಷೇಧಿಸಿತು. ಹೆಂಡತಿಯನ್ನು ದೂರುವ ಹಾಡು ಮನೆಮನೆಗೆ ಹೋಗಬಹುದಿತ್ತು, ಗಂಡನನ್ನು ದೂರುವ ಹಾಡು ಮಾತ್ರ ಅಶ್ಲೀಲವಾಯಿತು! ಜನ ಕೇಳಬೇಕಲ್ಲ? ಕೊಂಡರು. ಆಗಸ್ಟ್‌ನಲ್ಲಿ ಅದು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಒಂಟಿಯಾಗಿ ಹಾಡಿದ ಹೆಣ್ಣೊಬ್ಬಳು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಗಾಯಕಿಯರಾದ ಪ್ಯಾಟ್ಸಿ ಕ್ಲೈನ್, ಲೊರೆಟ್ಟಾ ಲಿನ್ ಮುಂದೆ ನಡೆದ ದಾರಿ ಇದೇ.

ಕೇಳುವಾಗ ಗಮನಿಸಿ: ಕಿಟ್ಟಿ ವೆಲ್ಸ್ ಎಲ್ಲಿಯೂ ಸಿಟ್ಟು ತೋರುವುದಿಲ್ಲ. ಪ್ರಾರ್ಥನಾ ಮಂದಿರದಲ್ಲಿ ನಿಂತಂತೆ ನೇರವಾಗಿ ಹಾಡುತ್ತಾರೆ. ಮಾತಿನ ಏಟು ಅಷ್ಟು ಬಲವಾಗಿ ಬೀಳುವುದು ಆ ಶಾಂತಿಯಿಂದಲೇ ಎಂದು ನನ್ನ ನಂಬಿಕೆ.

ಪ್ರಶ್ನೆ: ಕೆ.ಜಿ.ಎಫ್.ನಲ್ಲಿ ಬೆಳೆದ ನಮ್ಮ ತಂದೆಗೆ ಅಮೆರಿಕದ ಗಾಯಕ ಜಿಮ್ ರೀವ್ಸ್ ಎಂದರೆ ಪ್ರಾಣ. ಪಿಟೀಲಿಲ್ಲ, ಸ್ಟೀಲ್ ಗಿಟಾರಿಲ್ಲ, ಅದು ಕಂಟ್ರಿಯೇ ಅಲ್ಲ ಎಂದು ನನ್ನ ಗೆಳೆಯ ವಾದಿಸುತ್ತಾನೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ತಂದೆಯವರ ಪಕ್ಷ ನನ್ನದು. ಟೆಕ್ಸಸ್‌ನ ಹಳ್ಳಿಯಲ್ಲಿ ಹುಟ್ಟಿ, ಬೇಸ್‌ಬಾಲ್ ಆಡಿ, ರೇಡಿಯೊ ಉದ್ಘೋಷಕರಾಗಿದ್ದ ರೀವ್ಸ್, 1953ರಲ್ಲಿ ‘ಮೆಕ್ಸಿಕನ್ ಜೋ’ ಹಾಡಿದಾಗ ಎಲ್ಲರಂತೆ ಗಟ್ಟಿಯಾಗಿಯೇ ಹಾಡಿದ್ದರು. 1957ರ ‘ಫೋರ್ ವಾಲ್ಸ್’ ಹೆಣ್ಣಿನ ಕಂಠಕ್ಕೆ ತಕ್ಕ ಹಾಡೆಂದು ಅವರ ನಿರ್ಮಾಪಕ ಚೆಟ್ ಅಟ್ಕಿನ್ಸ್ ಮೊದಲು ಭಾವಿಸಿದ್ದರು. ರೀವ್ಸ್ ಹಟಹಿಡಿದು, ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು, ಮಾತಾಡುವ ದನಿಯಲ್ಲಿ ಹಾಡಿದರು. ರೇಡಿಯೊ ಕಲಿಸಿದ ವಿದ್ಯೆ ಅದು.

1959ರ ಅಕ್ಟೋಬರ್‌ನಲ್ಲಿ ಮುದ್ರಿಸಿದ ‘ಹೀ ವಿಲ್ ಹ್ಯಾವ್ ಟು ಗೋ’ ಕೇಳಿ. ಮದ್ಯದಂಗಡಿಯಿಂದ ಒಬ್ಬ ಪ್ರೇಯಸಿಗೆ ಫೋನು ಮಾಡಿದ್ದಾನೆ, ಅವಳ ಪಕ್ಕದಲ್ಲಿ ಇನ್ನೊಬ್ಬನಿದ್ದಾನೆ. ಗುಟ್ಟಿನ ಮಾತು, ಆದ್ದರಿಂದ ತಗ್ಗಿದ ದನಿ. ಅಲ್ಲಿ ಪಿಟೀಲು ಕೊಯ್ಯುತ್ತಿದ್ದರೆ ಹಾಡೇ ಸಾಯುತ್ತಿತ್ತು. ಫ್ಲಾಯ್ಡ್ ಕ್ರೇಮರ್ ಅವರ ಪಿಯಾನೊ ಸಾಕು. ವಾದ್ಯಗಳು ಬದಲಾದವು, ಒಂಟಿ ಗಂಡಸಿನ ಸಂಕಟ ಬದಲಾಗಲಿಲ್ಲ. ಈ ಹಾಡಿಗೂ ಹೆಣ್ಣಿನ ಜವಾಬು ಬಂದಿದೆ: 1960ರಲ್ಲಿ ಜೀನ್ ಬ್ಲ್ಯಾಕ್ ಅದೇ ಧಾಟಿಯಲ್ಲಿ ‘ಹೀ ವಿಲ್ ಹ್ಯಾವ್ ಟು ಸ್ಟೇ’ ಎಂದು ಹಾಡಿದರು. ಫೋನಿನ ಇನ್ನೊಂದು ತುದಿಯಲ್ಲಿದ್ದವಳ ಮಾತನ್ನು ನಿಮ್ಮ ತಂದೆಗೂ ಕೇಳಿಸಿ.

ಪ್ರಶ್ನೆ: ಅಟ್ಟದಲ್ಲಿ ಸಿಕ್ಕ 78 ವೇಗದ (ನಿಮಿಷಕ್ಕೆ 78 ಸುತ್ತು) ತಟ್ಟೆಗಳನ್ನು ಸ್ಪಿರಿಟ್ ಹಚ್ಚಿ ಒರೆಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಡ, ದಯವಿಟ್ಟು ಬೇಡ. ಆ ತಟ್ಟೆಗಳ ಜೀವಾಳ ಅರಗು. ಬಡಗಿಗಳು ಪಾಲಿಶ್‌ಗೆಂದು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ಹಚ್ಚಿದರೆ ಹಾಡಿನ ಗೆರೆಗಳೂ ಕರಗುತ್ತವೆ. ಅಮೆರಿಕದ ತಟ್ಟೆಗಳಿಗೂ ಅರಗು ಹೋಗುತ್ತಿದ್ದದ್ದು ಬಹುಪಾಲು ನಮ್ಮ ಛೋಟಾ ನಾಗಪುರದ ಕಾಡುಗಳಿಂದ, ಕಲ್ಕತ್ತಾದ ಮೂಲಕ. ಎರಡನೆಯ ಮಹಾಯುದ್ಧದಿಂದ ಆ ಸಾಗಣೆಗೆ ತೊಡಕಾದಾಗ, 1942ರಲ್ಲಿ, ಅಲ್ಲಿನ ಸರ್ಕಾರ ತಟ್ಟೆ ಕಂಪನಿಗಳಿಗೆ ಸಿಗುವ ಅರಗನ್ನು ತೀವ್ರವಾಗಿ ಕಡಿತಗೊಳಿಸಿತು. 1949ರಲ್ಲಿ ಆರ್‌ಸಿಎ ವಿಕ್ಟರ್ ತಂದ 45 ವೇಗದ ಪುಟ್ಟ ತಟ್ಟೆಗಳು ವಿನೈಲ್ ಎಂಬ ಪ್ಲಾಸ್ಟಿಕ್‌ನವು, ಮೊದಮೊದಲು ಕಂಟ್ರಿ ಹಾಡುಗಳಿಗೆ ಹಸಿರು ಬಣ್ಣ. ಅಂಥದ್ದು ಸಿಕ್ಕಿದ್ದರೆ ಜೋಪಾನ ಮಾಡಿ.

78ರ ತಟ್ಟೆಗೆ ಭಟ್ಟಿ ಇಳಿಸಿದ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆಯ ಬಟ್ಟೆ ಸಾಕು. ಗೆರೆಗಳ ದಿಕ್ಕಿನಲ್ಲೇ ಒರೆಸಿ, ನಡುವಿನ ಚೀಟಿ ನೆನೆಯದಿರಲಿ. ಎಲ್‌ಪಿಯ (ಹೆಚ್ಚು ಹೊತ್ತು ನುಡಿಯುವ ವಿನೈಲ್ ತಟ್ಟೆ) ಮುಳ್ಳಿನಿಂದ ನುಡಿಸಬೇಡಿ. 78ರ ಮುಳ್ಳಿನ ತುದಿ ಅದರ ಸುಮಾರು ಮೂರು ಪಟ್ಟು ದಪ್ಪವಿರಬೇಕು, ಇಲ್ಲದಿದ್ದರೆ ಗೆರೆಯ ತಳಕ್ಕೆ ಇಳಿದು ಕೊರಕಲು ಸದ್ದನ್ನಷ್ಟೇ ಎತ್ತಿ ತರುತ್ತದೆ.