‘ಕನ್ನಡ ಮಾಧ್ಯಮದ ಮಕ್ಕಳ ಇಂಗ್ಲಿಷ್ ತಪ್ಪುಗಳು’ ಅಂತ ಪಿಎಚ್.ಡಿ. ಮಾಡಬಹುದಾ?

ನಿಮ್ಮ ಪ್ರಶ್ನೆ ಓದಿ ನನ್ನ ಹಳೇ ಕಥೆಯೇ ಕಣ್ಮುಂದೆ ಬಂತು. ನೀವು ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೀರಿ, ಕೆಲಸದ ಜೊತೆಗೇ ಪಿಎಚ್.ಡಿ.ಗೆ ಸೇರಿದ್ದೀರಿ. ಒಂಬತ್ತನೇ ಕ್ಲಾಸಿನ ಮಕ್ಕಳಿಂದ ಪ್ರಬಂಧ ಬರೆಸಿ, ತಪ್ಪುಗಳನ್ನು ಗುಂಪು ಮಾಡಿ, ಶೇಕಡಾ ಲೆಕ್ಕ ಹಾಕಿ, ಕೊನೆಗೆ ‘ಮಾತೃಭಾಷೆಯ ಪ್ರಭಾವವೇ ಕಾರಣ’ ಅಂತ ಬರೆಯುವ ಯೋಚನೆ. ಗೈಡ್ ಒಪ್ಪಿದ್ದಾರೆ. ಆದರೂ ‘ಇದರಲ್ಲಿ ಹೊಸದೇನಿದೆ?’ ಅಂತ ನಿಮಗೇ ಅನುಮಾನ.

ಮಾಡಬಹುದು. ಪದವಿಯೂ ಸಿಗುತ್ತದೆ. ಆದರೆ ನನ್ನ ಮಾತು ಕೇಳುವುದಾದರೆ ತಪ್ಪು ಎಣಿಸಲು ಹೋಗಬೇಡಿ. ಮಗುವಿನ ಬಾಯಿಂದ ತಪ್ಪು ಬಿತ್ತು ಅಂದುಕೊಳ್ಳಿ. ಅದಾದ ಮೇಲಿನ ಹತ್ತು ಸೆಕೆಂಡಿನಲ್ಲಿ ಏನಾಗುತ್ತದೆ? ಅದನ್ನು ನೋಡಿ.

ಎಂ.ಫಿಲ್.ನಲ್ಲಿ ನಾನೂ ನಿಮ್ಮ ಹಾಗೇ ಹೊರಟಿದ್ದೆ. ‘ದೀಪಾವಳಿ’ ಅಂತ ವಿಷಯ ಕೊಟ್ಟು ನೂರಿಪ್ಪತ್ತು ಮಕ್ಕಳಿಂದ ಪ್ರಬಂಧ ಬರೆಸಿದೆ. ಕೆಂಪು ಪೆನ್ನು ಹಿಡಿದು ಕೂತೆ. ಮೂವತ್ತಕ್ಕೂ ಜಾಸ್ತಿ ಹಾಳೆಗಳಲ್ಲಿ ಒಂದೇ ಸಾಲು, ಒಂದೇ ತಪ್ಪು: ‘ಪೀಪಲ್ ಸೆಲೆಬ್ರೇಟ್ ದಿಸ್ ಫೆಸ್ಟಿವಲ್ ವಿತ್ ಗ್ರ್ಯಾಂಡ್ಲಿ’. ನನಗೆ ಖುಷಿಯೋ ಖುಷಿ. ಕನ್ನಡದ ‘ವಿಜೃಂಭಣೆಯಿಂದ’ ಅನ್ನುವುದರ ‘ಇಂದ’ ಇಲ್ಲಿ ‘ವಿತ್’ ಆಗಿ ಕೂತಿದೆ ಅಂತ ಒಂದೂವರೆ ಪುಟ ವಿಶ್ಲೇಷಣೆ ಬರೆದೆ. ಆಮೇಲೆ ಒಬ್ಬ ಹುಡುಗನ ಚೀಲದಲ್ಲಿ ಪರೀಕ್ಷೆಯ ಗೈಡ್ ಪುಸ್ತಕ ಕಂಡಿತು. ಸುಮ್ನೆ ತೆರೆದು ನೋಡಿದೆ. ಆ ಸಾಲು ಅಲ್ಲೇ ಅಚ್ಚಾಗಿತ್ತು! ಮಕ್ಕಳು ಉರು ಹೊಡೆದದ್ದನ್ನು ನಿಷ್ಠೆಯಿಂದ ಬರೆದಿದ್ದರು. ನಾನು ಅಷ್ಟು ದಿನ ಎಣಿಸಿದ್ದು ಪುಸ್ತಕ ಬರೆದವರ ತಪ್ಪು. (ಗೈಡ್ ನಂಬಿ ಕೆಡುವುದು ಪಿಎಚ್.ಡಿ.ಯವರು ಮಾತ್ರ ಅಲ್ಲ ಅಂತ ಆಗ ಗೊತ್ತಾಯಿತು.)

ಅದಕ್ಕೇ ಮೊದಲು ಕೇಳುತ್ತಿದ್ದೇನೆ: ನೀವು ಬರೆಸುವ ಪ್ರಬಂಧ ಮಗುವಿನ ಸ್ವಂತದ್ದಾ, ಬೈಹಾರ್ಟ್ ಮಾಡಿದ್ದಾ? ನಮ್ಮ ಪರೀಕ್ಷೆಗಳು ಹೇಗಿವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡನೆಯದು ಆ ‘ಮಾತೃಭಾಷೆಯೇ ಕಾರಣ’ ಅನ್ನುವ ತೀರ್ಮಾನ. ಇದು 1957ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ರಾಬರ್ಟ್ ಲ್ಯಾಡೊ ಬರೆದ ಕಾಲದ ಯೋಚನೆ. ಎರಡು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಲಿಯುವವರು ಎಲ್ಲಿ ಎಡವುತ್ತಾರೆ ಅಂತ ಮೊದಲೇ ಹೇಳಬಹುದು ಅನ್ನುವ ವಾದ. 1967ರಲ್ಲಿ ಬ್ರಿಟನ್ನಿನ ಭಾಷಾವಿಜ್ಞಾನಿ ಪಿಟ್ ಕಾರ್ಡರ್ ಬೇರೆಯದೇ ಮಾತು ಹೇಳಿದರು. ಕಲಿಯುವವನ ತಪ್ಪು ಕಸ ಅಲ್ಲ, ಅವನ ತಲೆಯೊಳಗೆ ಈಗ ಯಾವ ನಿಯಮ ಓಡುತ್ತಿದೆ ಅನ್ನುವುದಕ್ಕೆ ಅದೇ ಸುಳಿವು ಅಂದರು. 1974ರಲ್ಲಿ ಡುಲೇ ಮತ್ತು ಬರ್ಟ್ ಅನ್ನುವ ಸಂಶೋಧಕರು ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳನ್ನೂ ಚೀನೀ ಮನೆಮಾತಿನ ಮಕ್ಕಳನ್ನೂ ಹೋಲಿಸಿದರು. ಇಂಗ್ಲಿಷಿನ ಸಣ್ಣ ಸಣ್ಣ ಪ್ರತ್ಯಯಗಳು ಇಬ್ಬರ ಬಾಯಿಗೂ ಹತ್ತಿರ ಹತ್ತಿರ ಒಂದೇ ಸರದಿಯಲ್ಲಿ ಹತ್ತುತ್ತಿದ್ದವು. ‘ಇಂಗ್’ ಬೇಗ ಬರುತ್ತದೆ. ‘ಹಿ ಗೋಸ್’ನಲ್ಲಿರುವ ‘ಸ್’ ತುಂಬಾ ತಡ.

ಈ ‘ಸ್’ ನನ್ನನ್ನು ಬಹಳ ಕಾಡಿದೆ. ಒಬ್ಬಳು ಹುಡುಗಿ ವರ್ಕ್‌ಶೀಟಿನಲ್ಲಿ ಹತ್ತಕ್ಕೆ ಹತ್ತು ತೆಗೆದಳು. ‘ಶಿ ಗೋಸ್’, ‘ಹಿ ಈಟ್ಸ್’, ಎಲ್ಲಾ ಸರಿ. ಹಾಳೆ ಕೈಗೆ ಕೊಡುತ್ತಾ ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದೆ. ‘ಮೈ ಫಾದರ್ ಡ್ರೈವ್ ಟ್ರ್ಯಾಕ್ಟರ್ ಸಾರ್’ ಅಂದಳು. ಹತ್ತು ಅಂಕದ ಹಾಳೆ ಇನ್ನೂ ಅವಳ ಕೈಯಲ್ಲೇ ಇತ್ತು. ಹಾಗಾದರೆ ಅವಳಿಗೆ ‘ಸ್’ ಗೊತ್ತಾ, ಗೊತ್ತಿಲ್ಲವಾ? ಕನ್ನಡವನ್ನು ದೂರಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಕನ್ನಡದಲ್ಲಿ ‘ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತದೆ’ ಅಂತ ಕರ್ತೃ ಬದಲಾದ ಹಾಗೆಲ್ಲ ಕ್ರಿಯಾಪದ ಬದಲಾಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಮಕ್ಕಳಿಗೆ ಈ ‘ಸ್’ ನೀರು ಕುಡಿದಷ್ಟು ಸುಲಭ ಆಗಬೇಕಿತ್ತು, ಅಲ್ವಾ?

ಹಾಗಂತ ಮನೆಮಾತಿನ ಪಾತ್ರ ಏನೂ ಇಲ್ಲ ಅಂತಲ್ಲ. 2009ರಲ್ಲಿ ಲುಕ್ ಮತ್ತು ಶಿರಾಯ್ ಹಳೇ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಜಪಾನಿ, ಕೊರಿಯನ್, ಚೀನೀ ಮನೆಮಾತಿನವರಿಗೆ ‘ಎ’, ‘ದ’ ಮತ್ತು ಬಹುವಚನದ ‘ಸ್’ ಆ ‘ಎಲ್ಲರಿಗೂ ಒಂದೇ’ ಅನ್ನುವ ಸರದಿಗಿಂತ ತಡವಾಗಿ ಬರುತ್ತವೆ ಅಂತ ತೋರಿಸಿದರು. ಕನ್ನಡದಲ್ಲೂ ‘ದ’ಕ್ಕೆ ಸಮನಾದ ಪದ ಇಲ್ಲ. ‘ಯೆಸ್ಟರ್‌ಡೇ ಓನ್ಲಿ ಐ ಟೋಲ್ಡ್’ ಅನ್ನುವಾಗ ‘ನಿನ್ನೆಯೇ’ಯ ‘ಏ’ ಎದ್ದು ಕೇಳುತ್ತದೆ. ಆದರೆ ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’? ಇದನ್ನು ತಮಿಳರೂ ಹೇಳುತ್ತಾರೆ, ಹಿಂದಿಯವರೂ ಹೇಳುತ್ತಾರೆ, ಸ್ಟಾಫ್ ರೂಮಿನಲ್ಲಿ ನಾವೂ ಹೇಳುತ್ತೇವೆ. ಮಗು ಕೇಳಿದ ಇಂಗ್ಲಿಷೇ ಅದು. ಭಾರತದ ಇಂಗ್ಲಿಷಿಗೆ ಅದರದೇ ರೀತಿ ಇದೆ ಅಂತ ಭಾಷಾವಿಜ್ಞಾನಿ ಬ್ರಜ್ ಕಚ್ರು ಜೀವನವಿಡೀ ವಾದ ಮಾಡಿದರು. ನೀವು ‘ತಪ್ಪು’ ಅಂತ ಗೆರೆ ಎಳೆಯುವ ಮೊದಲು ಯಾರ ಇಂಗ್ಲಿಷನ್ನು ಅಳತೆಗೋಲು ಮಾಡಿಕೊಂಡಿದ್ದೀರಿ ಅಂತ ಹೇಳಲೇಬೇಕಾಗುತ್ತದೆ. ವೈವಾದಲ್ಲಿ (ಪಿಎಚ್.ಡಿ.ಯ ಮೌಖಿಕ ಪರೀಕ್ಷೆಯಲ್ಲಿ) ಈ ಪ್ರಶ್ನೆ ಬಂದೇ ಬರುತ್ತದೆ, ಬರೆದಿಟ್ಟುಕೊಳ್ಳಿ.

ಈಗ ಆ ಹತ್ತು ಸೆಕೆಂಡಿಗೆ ಬರೋಣ. ನಾನು ಕೂತು ನೋಡಿದ ಒಂದು ಎಂಟನೇ ಕ್ಲಾಸು.

ಹುಡುಗ: ‘ಯೆಸ್ಟರ್‌ಡೇ ಐ ಗೋ ಟು ಸಂತೆ ಮೇಡಂ.’
ಮೇಡಂ: ‘ಓ, ಯು ವೆಂಟ್ ಟು ದ ಮಾರ್ಕೆಟ್?’
ಹುಡುಗ: ‘ನೋ ಮೇಡಂ. ಸಂತೆ.’

ಕ್ಲಾಸೆಲ್ಲಾ ನಕ್ಕಿತು. ಮೇಡಂ ತಿದ್ದಿದ್ದು ‘ವೆಂಟ್’ ಅನ್ನು. ಹುಡುಗನಿಗೆ ಕೇಳಿಸಿದ್ದು ‘ಮಾರ್ಕೆಟ್’. ಅವನ ಪ್ರಕಾರ ಮೇಡಂಗೇ ಸರಿಯಾಗಿ ಅರ್ಥವಾಗಿಲ್ಲ. ಅಂಗಡಿ ಸಾಲಿಗೂ ವಾರದ ಸಂತೆಗೂ ವ್ಯತ್ಯಾಸ ಇಲ್ಲವಾ, ಪಾಪ!

ಹೀಗೆ ತಪ್ಪು ಅಂತ ಹೇಳದೆ, ಸರಿಯಾದ ರೂಪವನ್ನು ಮಾತಿನ ಓಟದಲ್ಲೇ ತಿರುಗಿಸಿ ಹೇಳುವುದಕ್ಕೆ ಸಂಶೋಧಕರು ‘ರೀಕಾಸ್ಟ್’ ಅನ್ನುತ್ತಾರೆ. ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಮೇಲೆಯೇ ಇದೆ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಫ್ರೆಂಚ್ ಮಾಧ್ಯಮದಲ್ಲಿ ಓದುವ ನಾಲ್ಕು ಕ್ಲಾಸುಗಳು, ಸುಮಾರು 18 ಗಂಟೆಗಳ ರೆಕಾರ್ಡಿಂಗ್. ಶಿಕ್ಷಕರು ತಿದ್ದಿದ್ದರಲ್ಲಿ 55% ರೀಕಾಸ್ಟ್. ಆದರೆ ರೀಕಾಸ್ಟ್ ಆದ ಮೇಲೆ ಮಕ್ಕಳು ಏನಾದರೂ ಪ್ರತಿಕ್ರಿಯೆ ತೋರಿಸಿದ್ದು ಬರೀ 31% ಸಲ. ಬೇರೆ ಯಾವ ವಿಧದ ತಿದ್ದುವಿಕೆಗೂ ಇಷ್ಟು ಕಡಿಮೆ ಇರಲಿಲ್ಲ. ಅದೇ ಶಿಕ್ಷಕರು ತಾವೇ ಹೇಳಿಬಿಡದೆ, ಅರ್ಧಕ್ಕೆ ನಿಲ್ಲಿಸಿ ‘ಹೇಗೆ ಹೇಳುತ್ತೀವಿ ಇದನ್ನ?’ ಅಂತ ಮಗುವಿನಿಂದಲೇ ಹೊರಡಿಸಿದಾಗ ಪ್ರತಿ ಸಲವೂ ಮಗು ಏನಾದರೊಂದು ಹೇಳಿತ್ತು. ಹೇಳಿದ್ದು ಪ್ರತಿ ಸಲ ಸರಿ ಇರಲಿಲ್ಲ, ಅದು ಬೇರೆ ಮಾತು. ಮತ್ತೆ, ತಕ್ಷಣ ತಿದ್ದಿಕೊಂಡರೆ ಕಲಿತ ಹಾಗೆ ಅಂತಲೂ ಇಲ್ಲ. ಇದರ ಮೇಲೆ ಇವತ್ತಿಗೂ ಜಗಳ ಇದೆ.

ಆದರೆ ಅದು ಮಾಂಟ್ರಿಯಲ್ ಕಡೆಯ ಕ್ಲಾಸು. ಐವತ್ತು ಮಕ್ಕಳು ಒಟ್ಟಿಗೆ ‘ಯೆಸ್ ಸಾರ್’ ಅನ್ನುವ, ಮೇಷ್ಟ್ರು ಅರ್ಧ ಕನ್ನಡದಲ್ಲಿ ತಿದ್ದುವ ನಮ್ಮ ಕ್ಲಾಸಿನಲ್ಲಿ ಏನಾಗುತ್ತದೆ? ನಿಮ್ಮ ವಿಷಯ ಇಲ್ಲಿದೆ ಅಂತ ನನ್ನ ಅನಿಸಿಕೆ.

ಇದನ್ನು ಓದಲು ಕೆನಡಾದಿಂದ ಶುರು ಮಾಡಬೇಕಾಗಿಲ್ಲ. ಜಗತ್ತಿನ ಈ ಕ್ಷೇತ್ರದವರೆಲ್ಲ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಅಂತ ಕರೆಯುವ ಕೆಲಸ ನಮ್ಮ ಪಕ್ಕದಲ್ಲೇ ನಡೆದದ್ದು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ಅಲ್ಲಿನ ಸೆಮಿನಾರುಗಳಲ್ಲಿ ನಡೆದ ಚರ್ಚೆಯಿಂದ ಇದು ಹುಟ್ಟಿತು. ಮುಂದೆ ನಿಂತವರು ಎನ್.ಎಸ್. ಪ್ರಭು, ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದರು. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು, ಕಡಲೂರು ಮುಂತಾದ ಕಡೆ ನಮ್ಮ ನಿಮ್ಮಂಥ ಸಾಧಾರಣ ಶಾಲೆಗಳಲ್ಲೇ ಪ್ರಯೋಗ ನಡೆಯಿತು. ಅವರ ಪ್ರಶ್ನೆ ನೇರವಾಗಿತ್ತು. ವ್ಯಾಕರಣ ಕಲಿಸದೆ, ಮಕ್ಕಳ ಗಮನವನ್ನೆಲ್ಲ ಅರ್ಥದ ಮೇಲೆ ಇಟ್ಟರೆ ವ್ಯಾಕರಣ ತಾನಾಗಿ ಹತ್ತುತ್ತದಾ?

ರೈಲ್ವೆ ಟೈಂಟೇಬಲ್ ಕೊಟ್ಟು ಯಾವ ಗಾಡಿ ಹಿಡಿಯಬೇಕು ಅಂತ ಕೇಳುವುದು, ನಕ್ಷೆ ನೋಡಿ ದಾರಿ ಹೇಳಿಸುವುದು, ಇಂಥ ಟಾಸ್ಕುಗಳು. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಒಂದನ್ನು ಬಾಯಿಮಾತಿನಲ್ಲಿ ಮಾಡುತ್ತಾರೆ. ಆಮೇಲೆ ಅದೇ ಥರದ್ದನ್ನು ಮಕ್ಕಳು ಒಬ್ಬೊಬ್ಬರೇ ಮಾಡುತ್ತಾರೆ. ಇವತ್ತು ಟಾಸ್ಕ್ ಅಂದರೆ ಗುಂಪು ಚಟುವಟಿಕೆ ಅಂದುಕೊಂಡಿದ್ದೇವೆ. ಪ್ರಭು ಗುಂಪು ಮಾಡಿಸಲೇ ಇಲ್ಲ. ಮಕ್ಕಳು ಒಬ್ಬರ ಅರೆಬರೆ ಇಂಗ್ಲಿಷನ್ನು ಇನ್ನೊಬ್ಬರು ಕೇಳುವುದಕ್ಕಿಂತ ಮೇಷ್ಟ್ರ ಇಂಗ್ಲಿಷ್ ಕೇಳುವುದು ಮೇಲು ಅಂತ ಅವರ ಲೆಕ್ಕ. ತಪ್ಪು ಬಂದರೆ? ಹಾಗೇ ಹೋಗುತ್ತಾ ಹೋಗುತ್ತಾ ಸರಿ ಮಾಡುವುದು, ಪಾಠ ನಿಲ್ಲಿಸಿ ನಿಯಮ ವಿವರಿಸುವ ಹಾಗಿಲ್ಲ. ನಮ್ಮ ಸಂತೆ ಮೇಡಂ ಮಾಡಿದ್ದೂ ಹೆಚ್ಚು ಕಡಿಮೆ ಇದನ್ನೇ.

ನಾನು ಇದನ್ನು ಬಸ್ ಟೈಂಟೇಬಲ್ ಇಟ್ಟುಕೊಂಡು ಮಾಡಿ ನೋಡಿದೆ. ಎರಡು ಗಂಟೆಯೊಳಗೆ ಹುಬ್ಬಳ್ಳಿ ಮುಟ್ಟಬೇಕು, ಯಾವ ಬಸ್ಸು? ವರ್ಷವಿಡೀ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತು ‘ದಿಸ್ ಬಸ್ ನೋ ಸಾರ್, ದಿಸ್ ಬಸ್ ಆಲ್ವೇಸ್ ಲೇಟ್’ ಅಂದ. ಟೈಂಟೇಬಲ್ ಪ್ರಕಾರ ಅವನ ಉತ್ತರ ತಪ್ಪು, ಊರಿನ ಪ್ರಕಾರ ಸರಿ. ನಾನು ಅವನ ಇಂಗ್ಲಿಷ್ ತಿದ್ದಲಿಲ್ಲ. ತಿದ್ದಬೇಕಿತ್ತಾ ಅಂತ ಈಗಲೂ ಯೋಚನೆ ಬರುತ್ತದೆ.

ಪ್ರಾಜೆಕ್ಟಿನ ಫಲ ಏನಾಯಿತು ಅಂತ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವೀಸ್ 1985ರಲ್ಲಿ ವರದಿ ಮಾಡಿದರು. ಇದನ್ನು ನೀವು ಓದಲೇಬೇಕು. ಒಟ್ಟಾರೆ, ವ್ಯಾಕರಣ ರಚನೆಯ ಪರೀಕ್ಷೆಯಲ್ಲಿ ಹಳೇ ಪದ್ಧತಿಯ ಮಕ್ಕಳು ಮೇಲು, ಟಾಸ್ಕ್ ಪರೀಕ್ಷೆಯಲ್ಲಿ ಪ್ರಾಜೆಕ್ಟಿನ ಮಕ್ಕಳು ಮೇಲು. ಯಾರು ಏನು ಅಭ್ಯಾಸ ಮಾಡಿದ್ದರೋ ಅದರಲ್ಲಿ ಗೆದ್ದರು. ಯಾವ ಕಡೆಗೂ ವಾಲದಿರಲಿ ಅಂತ ಇಟ್ಟ ಪರೀಕ್ಷೆಗಳಲ್ಲಿ ಪ್ರಾಜೆಕ್ಟಿನ ಮಕ್ಕಳೇ ಹೆಚ್ಚು ಕಡೆ ಮುಂದಿದ್ದರು. ಆದರೆ ಆ ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಇದ್ದ ಕ್ಲಾಸನ್ನೇ ಇದ್ದ ಹಾಗೆ ತೆಗೆದುಕೊಂಡಿದ್ದರು. ಎರಡೂ ಕಡೆ ಕಲಿಸಿದ ಮೇಷ್ಟ್ರುಗಳೂ ಒಂದೇ ಮಟ್ಟದವರಲ್ಲ. ಗೆದ್ದದ್ದು ಪದ್ಧತಿಯಾ, ಮೇಷ್ಟ್ರಾ ಅಂತ ಬಿಡಿಸಿ ಹೇಳುವುದು ಕಷ್ಟ. ‘ಒಂದು ಸೆಕ್ಷನ್ನಿಗೆ ಹೊಸ ವಿಧಾನ, ಇನ್ನೊಂದಕ್ಕೆ ಹಳೇದು’ ಅಂತ ನಿಮ್ಮ ಗೈಡ್ ಸೂಚಿಸಿದರೆ ಈ ಗಂಟನ್ನು ನೆನಪಿಸಿ.

ಪ್ರಭು ಆಮೇಲೆ 1990ರ ಒಂದು ಲೇಖನದಲ್ಲಿ ‘ಅತ್ಯುತ್ತಮ ವಿಧಾನ’ ಅನ್ನುವ ಹುಡುಕಾಟವನ್ನೇ ಪ್ರಶ್ನೆ ಮಾಡಿದರು. ಹೀಗೆ ಕಲಿಸಿದರೆ ಹತ್ತುತ್ತದೆ ಅನ್ನುವ ಒಂದು ಒಳನಂಬಿಕೆ ಪ್ರತಿ ಶಿಕ್ಷಕರಲ್ಲೂ ಇರುತ್ತದೆ, ಅದು ಜೀವಂತವಾಗಿದೆಯಾ ಇಲ್ಲವಾ ಅನ್ನುವುದೇ ಮುಖ್ಯ ಅಂದರು. ಚಿಕ್ಕ ಲೇಖನ, ಒಂದು ಸಂಜೆಗೆ ಮುಗಿಯುತ್ತದೆ.

ಇನ್ನು ಕೆಲಸದ ಮಾತು. ಎರಡು ಶಾಲೆ, ನಾಲ್ಕು ಶಿಕ್ಷಕರು, ಒಬ್ಬೊಬ್ಬರದು ನಾಲ್ಕೈದು ಪೀರಿಯಡ್, ಅಷ್ಟು ಸಾಕು. ಮುಖ್ಯೋಪಾಧ್ಯಾಯರ ಮತ್ತು ಪೋಷಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಫೋನನ್ನು ಮೇಜಿನ ಮೇಲಿಟ್ಟರೆ ಮೇಷ್ಟ್ರ ಧ್ವನಿ ಮಾತ್ರ ಬರುತ್ತದೆ, ಹಿಂದಿನ ಬೆಂಚಿಗೂ ಒಂದು ಇಡಿ. ಕೇಳಿ ಬರೆದುಕೊಳ್ಳುವುದಕ್ಕೆ ಜಾಸ್ತಿ ಸಮಯ ಮೀಸಲಿಡಿ. ನನಗೆ ಒಂದು ಪೀರಿಯಡ್ಡಿಗೆ ಒಂದು ಇಡೀ ಭಾನುವಾರ ಸಾಲುತ್ತಿರಲಿಲ್ಲ. ಯಾರ್ಕ್ ವಿಶ್ವವಿದ್ಯಾಲಯದವರು ನಡೆಸುವ ‘ಐರಿಸ್’ ಸಂಗ್ರಹದಲ್ಲಿ ಬೇರೆಯವರು ಬಳಸಿದ ಪ್ರಶ್ನಾವಳಿ, ಟಾಸ್ಕುಗಳು ಉಚಿತವಾಗಿ ಸಿಗುತ್ತವೆ. ಭಾರತದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹ ಶೋಧಗಂಗಾದಲ್ಲಿ ‘ಎರರ್ ಅನಾಲಿಸಿಸ್’ (ತಪ್ಪುಗಳ ವಿಶ್ಲೇಷಣೆ) ಅಂತ ಹುಡುಕಿ ನೋಡಿ. ನಿಮ್ಮ ಮೊದಲಿನ ಯೋಚನೆಯನ್ನು ಎಷ್ಟು ಜನ ಆಗಲೇ ಮಾಡಿ ಮುಗಿಸಿದ್ದಾರೆ ಅಂತ ಗೊತ್ತಾಗುತ್ತದೆ.

ಮೊದಲ ರೆಕಾರ್ಡಿಂಗ್ ಮಾತ್ರ ನಿಮ್ಮದೇ ಕ್ಲಾಸಿನದು ಇರಲಿ. ನಾನು ನನ್ನದನ್ನು ಗಡಿಯಾರ ಹಿಡಿದು ಕೇಳಿದ್ದೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಮೂವತ್ತೊಂದು ನಿಮಿಷ ನಾನೇ ಮಾತಾಡಿದ್ದೆ. ಮಕ್ಕಳಿಗೆ ತಪ್ಪು ಮಾಡಲಿಕ್ಕೂ ಪುರುಸೊತ್ತು ಕೊಟ್ಟಿರಲಿಲ್ಲ. ನಿಮ್ಮದರಲ್ಲಿ ಎಷ್ಟು ಬಂತು ಅಂತ ಕಾಮೆಂಟಿನಲ್ಲಿ ಹಾಕಿ. ಬರೆದುಕೊಂಡ ಒಂದು ಪುಟವನ್ನೂ ಮಕ್ಕಳ ಹೆಸರು ತೆಗೆದು ಹಾಕಿದರೆ, ಯಾವುದು ರೀಕಾಸ್ಟ್, ಯಾವುದು ಅಲ್ಲ ಅಂತ ಒಟ್ಟಿಗೆ ಕೂತು ಗುರುತು ಹಾಕೋಣ.