ಅಮೆರಿಕದಲ್ಲಿ ಲೈಸೆನ್ಸ್: ಬಂದ ವಾರವೇ ಡಿಎಂವಿಗೆ ಓಡಬೇಡಿ

ಪ್ರಶ್ನೆ: ಎಂಎಸ್ ಓದಲು ಎಫ್-1 ವೀಸಾದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ಕೆಲವೇ ದಿನ ಆಗಿದೆ. ಊರಲ್ಲಿ ಹಲವು ವರ್ಷ ಕಾರು ಓಡಿಸಿದ್ದೇನೆ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕೂಡ ಮಾಡಿಸಿಕೊಂಡು ಬಂದೆ. ಸೋಷಿಯಲ್ ಸೆಕ್ಯೂರಿಟಿ ನಂಬರ್ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲ. ಅದಿಲ್ಲದೆ ಲೈಸೆನ್ಸ್ ಸಿಗುತ್ತದಾ? ರೂಮ್‌ಮೇಟ್‌ಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಸಿಗುತ್ತದೆ. ರೂಮ್‌ಮೇಟ್‌ಗಳು ಹೇಳುವುದೂ ಪೂರ್ತಿ ಸುಳ್ಳಲ್ಲ. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಹಾಗಾಗಿ ಟೆಕ್ಸಾಸ್‌ನಲ್ಲಿದ್ದ ಗೆಳೆಯ ಹೇಳಿದ್ದು ನಿಮಗೆ ಹೊಂದದೇ ಇರಬಹುದು. ಲೈಸೆನ್ಸ್ ಕೊಡುವ ಆಫೀಸಿನ ಹೆಸರೂ ಎಲ್ಲ ಕಡೆ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡಿಎಂವಿ, ಮ್ಯಾಸಚೂಸೆಟ್ಸ್‌ನಲ್ಲಿ ಆರ್‌ಎಂವಿ, ಟೆಕ್ಸಾಸ್‌ನಲ್ಲಿ ಡಿಪಿಎಸ್.

ಕ್ಯಾಂಪಸ್ ಕೆಲಸವೋ ಅನುಮತಿ ಇರುವ ಬೇರೆ ಕೆಲಸವೋ ಇಲ್ಲದ ಎಫ್-1 ವಿದ್ಯಾರ್ಥಿಗೆ ಸೋಷಿಯಲ್ ಸೆಕ್ಯೂರಿಟಿ ನಂಬರ್ ಕೊಡುವುದೇ ಇಲ್ಲ. ಇದು ಡಿಎಂವಿಗೂ ಗೊತ್ತು. ಕೆಲವು ರಾಜ್ಯಗಳಲ್ಲಿ ಮಾತ್ರ 'ಇವರಿಗೆ ನಂಬರ್ ಪಡೆಯುವ ಅರ್ಹತೆ ಇಲ್ಲ' ಎಂಬ ಪತ್ರವನ್ನು ಸೋಷಿಯಲ್ ಸೆಕ್ಯೂರಿಟಿ ಆಫೀಸಿನಿಂದ ತರಲು ಹೇಳುತ್ತಾರೆ. ಎಸ್‌ಎಸ್‌ಎ-ಎಲ್676 ಅಂತ ಅದರ ಹೆಸರು. ಪಾಸ್‌ಪೋರ್ಟ್, ಐ-20 (ವೀಸಾಕ್ಕಾಗಿ ಯೂನಿವರ್ಸಿಟಿ ಕೊಟ್ಟ ಪತ್ರ), ಐ-94 (ದೇಶದೊಳಗೆ ಬಂದ ದಾಖಲೆ) ಹಿಡಿದು ಹೋಗಿ ಕೇಳಿದರೆ ಕೊಡುತ್ತಾರೆ. ನೀವಿರುವ ರಾಜ್ಯದ ವೆಬ್‌ಸೈಟ್ ನೋಡಿಕೊಂಡೇ ಹೋಗಿ, ಸುಮ್ನೆ ಎರಡೆರಡು ಸಲ ಕ್ಯೂ ನಿಲ್ಲಬೇಡಿ.

ಕೆಲಸ ಕೆಡುವುದು ನಂಬರ್ ಇಲ್ಲದ್ದಕ್ಕಿಂತ ಜಾಸ್ತಿ ಆತುರದಿಂದ. ಕೌಂಟರಿನಲ್ಲಿರುವವರು ನಿಮ್ಮ ವಿವರವನ್ನು ಸೇವ್ ಎಂಬ ಕೇಂದ್ರ ಸರ್ಕಾರದ ವ್ಯವಸ್ಥೆಗೆ ಹಾಕಿ ಇಮಿಗ್ರೇಷನ್ ಸ್ಥಿತಿ ಪರಿಶೀಲಿಸುತ್ತಾರೆ. ನಿಮ್ಮ ಯೂನಿವರ್ಸಿಟಿ ಸೆವಿಸ್ ಎಂಬ, ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ವ್ಯವಸ್ಥೆಯಲ್ಲಿರುವ ನಿಮ್ಮ ದಾಖಲೆಯನ್ನು ಇನ್ನೂ 'ಆ್ಯಕ್ಟಿವ್' ಮಾಡಿಲ್ಲ ಎಂದುಕೊಳ್ಳಿ, ಅಥವಾ ಐ-94 ವಿವರ ಇನ್ನೂ ಎಲ್ಲ ಕಡೆ ತಲುಪಿಲ್ಲ. ಆಗ ಉತ್ತರ ಅಲ್ಲೇ ಬರುವುದಿಲ್ಲ, ಹೆಚ್ಚುವರಿ ಪರಿಶೀಲನೆಗೆ ಹೋಗುತ್ತದೆ. ಬಂದು ಕನಿಷ್ಠ 10 ದಿನ ಬಿಟ್ಟು ಹೋಗಿ ಎಂದು ಯೂನಿವರ್ಸಿಟಿಯವರು ಹೇಳುವುದು ಇದಕ್ಕೇ. ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಚೆಕ್-ಇನ್ ಮುಗಿಸಿ, 'ನನ್ನ ಸೆವಿಸ್ ಆ್ಯಕ್ಟಿವ್ ಆಗಿದೆಯಾ' ಎಂದು ಕೇಳಿಕೊಂಡೇ ಹೊರಡಿ. ಆಮೇಲೂ ತಡವಾದರೆ ಸೇವ್ ಕೇಸ್‌ಚೆಕ್ ಎಂಬ ಪುಟದಲ್ಲಿ ಹುಟ್ಟಿದ ದಿನಾಂಕ ಮತ್ತು ಐ-94 ನಂಬರ್ ಹಾಕಿ ನಿಮ್ಮ ಕೇಸ್ ಎಲ್ಲಿದೆ ಎಂದು ನೋಡಬಹುದು.

ಎರಡನೇ ತೊಡಕು ಹೆಸರು. ನಮ್ಮವರಿಗೆ ಇದು ಕಾಡುವಷ್ಟು ಬೇರೆಯವರಿಗೆ ಕಾಡುವುದಿಲ್ಲ. ಅಪ್ಪನ ಹೆಸರು, ಊರ ಹೆಸರು ಎಲ್ಲ ಇನಿಷಿಯಲ್ ಆಗಿ ಮುಂದೆ ಕೂತಿರುತ್ತವೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದುಬಿಡುತ್ತದೆ. ಪಾಸ್‌ಪೋರ್ಟ್, ವೀಸಾ, ಐ-20, ಐ-94 ನಾಲ್ಕನ್ನೂ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ. ಐ-20ರಲ್ಲಿ ತಪ್ಪಿದ್ದರೆ ಯೂನಿವರ್ಸಿಟಿಯ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡುವ ಅಧಿಕಾರಿ) ಸರಿ ಮಾಡಿಕೊಡುತ್ತಾರೆ. ಐ-94ರಲ್ಲಿ ತಪ್ಪಿದ್ದರೆ ಅದು ಗಡಿ ಇಲಾಖೆ ಸಿಬಿಪಿಯ ಕೆಲಸ. ಐ-94 ಪ್ರಿಂಟ್ ಅನ್ನು ಅವರ ವೆಬ್‌ಸೈಟಿನಿಂದ ಉಚಿತವಾಗಿ ತೆಗೆಯಬಹುದು. ನಡುವೆ ಊರಿಗೆ ಹೋಗಿ ಬಂದಿದ್ದರೆ ಹೊಸದನ್ನೇ ಒಯ್ಯಿರಿ.

ಇನ್ನು ಪರ್ಮಿಟ್. ಅದು ನಿಮ್ಮ ಲೈಸೆನ್ಸಿನ ಅನುವಾದ, ಅಷ್ಟೇ. ಕ್ಯಾಲಿಫೋರ್ನಿಯಾ ಅದನ್ನು ಲೈಸೆನ್ಸ್ ಎಂದು ಒಪ್ಪುವುದಿಲ್ಲ. ಒಪ್ಪುವುದು ನಿಮ್ಮ ಊರಿನ ಅಸಲಿ ಡಿಎಲ್ ಅನ್ನು, ಅದೂ ನೀವು ಅಲ್ಲಿಯ ನಿವಾಸಿ ಅನ್ನಿಸಿಕೊಳ್ಳುವ ತನಕ. ನಿವಾಸಿಯಾದ ಮೇಲೆ ಲೈಸೆನ್ಸ್ ಪಡೆಯಲು ಕ್ಯಾಲಿಫೋರ್ನಿಯಾ ಕೊಡುವುದು 10 ದಿನ, ನ್ಯೂಯಾರ್ಕ್ 30, ಟೆಕ್ಸಾಸ್ 90. ಓದಲು ಬಂದವರು ಯಾವಾಗ ನಿವಾಸಿ ಆಗುತ್ತಾರೆ ಎಂಬುದರಲ್ಲೂ ಒಂದೊಂದು ರಾಜ್ಯದ್ದು ಒಂದೊಂದು ಲೆಕ್ಕ.

ಊರಲ್ಲಿ ಓಡಿಸಿದ ಅನುಭವ ಇದ್ದರೂ ಕ್ಯಾಲಿಫೋರ್ನಿಯಾದಲ್ಲಿ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡೂ ತಪ್ಪಿದ್ದಲ್ಲ. ಲಿಖಿತಕ್ಕೆ ಡಿಎಂವಿಯ ಕೈಪಿಡಿ ಒಂದೆರಡು ಸಲ ಓದಿದರೆ ಸಾಕು. ರಸ್ತೆ ಪರೀಕ್ಷೆಗೆ ವಿಮೆ ಇರುವ ಕಾರನ್ನು ನೀವೇ ತರಬೇಕು. ಹೊರಡುವ ಮುಂಚೆ ಪರೀಕ್ಷಕರು ವೈಪರ್ ಎಲ್ಲಿ, ಡಿಫ್ರಾಸ್ಟರ್ (ಗಾಜಿನ ಮಂಜು ತೆಗೆಯುವ ಬಟನ್) ಎಲ್ಲಿ ಎಂದು ಕೇಳುತ್ತಾರೆ, ಕೈಸನ್ನೆ ತೋರಿಸಿ ಅನ್ನುತ್ತಾರೆ. ಗೆಳೆಯನ ಕಾರಾದರೆ ಹಿಂದಿನ ದಿನವೇ ಒಂದು ರೌಂಡ್ ಓಡಿಸಿ ನೋಡಿಕೊಳ್ಳಿ.

ಚೆನ್ನಾಗಿ ಓಡಿಸುವವರೇ ಇಲ್ಲಿ ಫೇಲ್ ಆಗುವುದು ಸ್ಟಾಪ್ ಬೋರ್ಡಿನ ಹತ್ತಿರ. ಕಣ್ಣಿಗೆ ಯಾರೂ ಕಾಣುವುದಿಲ್ಲ, ಗಾಡಿ ನಿಧಾನ ಮಾಡಿ ಹಾಗೇ ಉರುಳಿಸಿಬಿಡುತ್ತೇವೆ. ಅಲ್ಲಿಗೆ ಪರೀಕ್ಷೆ ಮುಗಿದ ಹಾಗೆ. ಬಿಳಿ ಗೆರೆಗಿಂತ ಹಿಂದೆ ಚಕ್ರ ಪೂರ್ತಿ ನಿಲ್ಲಬೇಕು. ನಾಲ್ಕೂ ಕಡೆ ಸ್ಟಾಪ್ ಇದ್ದರೆ ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ. ಇಬ್ಬರೂ ಒಟ್ಟಿಗೆ ನಿಂತರೆ ಬಲಗಡೆಯವರಿಗೆ ದಾರಿ. ಕೆಂಪು ದೀಪದಲ್ಲಿ ಬಲಕ್ಕೆ ತಿರುಗಲು ಹೆಚ್ಚಿನ ಕಡೆ ಬಿಡುತ್ತಾರೆ, ಆದರೆ ಪೂರ್ತಿ ನಿಂತ ಮೇಲೆ. ನ್ಯೂಯಾರ್ಕ್ ನಗರದಲ್ಲಿ ಬೋರ್ಡ್ ಹಾಕಿ ಬಿಟ್ಟಿದ್ದರೆ ಮಾತ್ರ. ಲೇನ್ ಬದಲಿಸುವಾಗ ಕನ್ನಡಿ ನೋಡಿದರೆ ಸಾಲದು, ಭುಜದ ಮೇಲಿಂದ ತಲೆ ತಿರುಗಿಸಿ ನೋಡಿ. ನೀವು ನೋಡಿದ್ದು ಪರೀಕ್ಷಕರಿಗೆ ಕಾಣಬೇಕು, ಅಲ್ವಾ? ಹಳದಿ ಸ್ಕೂಲ್ ಬಸ್ ಕೆಂಪು ದೀಪ ಮಿನುಗಿಸುತ್ತಾ ನಿಂತರೆ, ನಡುವೆ ಡಿವೈಡರ್ ಇಲ್ಲದ ಎರಡು ಲೇನಿನ ರಸ್ತೆಯಲ್ಲಿ ಎದುರಿಂದ ಬರುವವರೂ ನಿಲ್ಲಬೇಕು.

ಪ್ರಶ್ನೆ: ನಾನು ಒಂಬತ್ತು ತಿಂಗಳಿಗೆ ಜೆ-1 ವಿಸಿಟಿಂಗ್ ಸ್ಕಾಲರ್. ಹೆಂಡತಿ ನನ್ನ ಜೊತೆ ಬಂದ ಜೆ-2 ವೀಸಾದವಳು. ಇಷ್ಟು ಕಡಿಮೆ ಕಾಲಕ್ಕೆ ಲೈಸೆನ್ಸ್ ಮಾಡಿಸಬೇಕಾ? ಅವಳಿಗೂ ಸಿಗುತ್ತದಾ?

ಉತ್ತರ: ಕಾರು ಓಡಿಸುವವರಾದರೆ ಮಾಡಿಸಿ. ಇನ್ಶೂರೆನ್ಸ್ ತೆಗೆಯುವಾಗಲೂ ಅನುಕೂಲ. ಓಡಿಸುವುದಿಲ್ಲ ಎಂದಾದರೆ ಅದೇ ಆಫೀಸಿನಲ್ಲಿ ಬರೀ ಗುರುತಿನ ಕಾರ್ಡ್ ಕೂಡ ಕೊಡುತ್ತಾರೆ. ಲೈಸೆನ್ಸಿನ ಅವಧಿ ಸಾಮಾನ್ಯವಾಗಿ ನಿಮ್ಮ ಡಿಎಸ್-2019 (ಜೆ ವೀಸಾದವರಿಗೆ ಐ-20ರ ಬದಲು ಇರುವ ಪತ್ರ) ಮುಗಿಯುವ ದಿನಕ್ಕೇ ಮುಗಿಯುತ್ತದೆ. ಅದನ್ನು ವಿಸ್ತರಿಸಿಕೊಂಡರೆ ಲೈಸೆನ್ಸನ್ನೂ ನವೀಕರಿಸಿ. 2025ರ ಮೇ 7ರಿಂದ ದೇಶದೊಳಗಿನ ವಿಮಾನಕ್ಕೆ ರಿಯಲ್ ಐಡಿ (ಕೇಂದ್ರದ ನಿಯಮಕ್ಕೆ ಹೊಂದುವ ಲೈಸೆನ್ಸ್ ಅಥವಾ ಗುರುತಿನ ಕಾರ್ಡ್) ಕೇಳುತ್ತಾರೆ ನಿಜ, ಆದರೆ ನಿಮ್ಮ ಪಾಸ್‌ಪೋರ್ಟ್ ತೋರಿಸಿದರೂ ನಡೆಯುತ್ತದೆ. ಅದಕ್ಕಾಗಿ ಅವಸರ ಬೇಡ.

ಹೆಂಡತಿಗೂ ಸಿಗುತ್ತದೆ, ಅವರ ಹೆಸರಿನದೇ ಡಿಎಸ್-2019 ಒಯ್ಯಬೇಕು. ಅವರಿಗೆ ಅಡ್ಡ ಬರುವುದು ವಿಳಾಸದ ಪುರಾವೆ. ಬಾಡಿಗೆ ಕರಾರು, ಕರೆಂಟ್ ಬಿಲ್ ಎಲ್ಲ ಗಂಡನ ಹೆಸರಲ್ಲೇ ಇರುತ್ತದೆ. ಮನೆ ಹಿಡಿಯುವಾಗಲೇ ಕರಾರಿನಲ್ಲಿ ಇಬ್ಬರ ಹೆಸರೂ ಹಾಕಿಸಿ, ಬ್ಯಾಂಕ್ ಖಾತೆಯನ್ನು ಜಂಟಿಯಾಗಿ ತೆರೆಯಿರಿ.

ನೀವಿಬ್ಬರೂ ಕೇಳದ ಒಂದು ವಿಷಯ ಇದೆ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. 1993ರ ಕಾನೂನಿನ ಪ್ರಕಾರ ಹೆಚ್ಚಿನ ರಾಜ್ಯಗಳಲ್ಲಿ ಲೈಸೆನ್ಸ್ ಅರ್ಜಿಯ ಜೊತೆಗೇ ಮತದಾರರ ಪಟ್ಟಿಗೆ ಸೇರುತ್ತೀರಾ ಎಂದು ಕೇಳುತ್ತಾರೆ. ಸ್ಕ್ರೀನಿನಲ್ಲಿ ಅದೂ ಬೇರೆ ಪ್ರಶ್ನೆಗಳ ನಡುವೆ ಬಂದು ಹೋಗುತ್ತದೆ. 'ಹೌದು' ಒತ್ತಬೇಡಿ. ಅಮೆರಿಕದ ಪ್ರಜೆಯೇ ಎಂಬ ಪ್ರಶ್ನೆಗೂ 'ಇಲ್ಲ' ಎಂದೇ ಉತ್ತರಿಸಿ. ಪ್ರಜೆಯಲ್ಲದವರು ಹೌದು ಎಂದು ಹೇಳಿದರೆ ಮುಂದೆ ವೀಸಾ, ಗ್ರೀನ್ ಕಾರ್ಡ್ ಎಲ್ಲಕ್ಕೂ ಕುತ್ತು. ಗಡೀಪಾರಿಗೂ ಕಾರಣವಾಗಬಹುದು. ಅಕಸ್ಮಾತ್ ಒತ್ತಿಬಿಟ್ಟಿದ್ದರೆ ಮುಚ್ಚಿಡಬೇಡಿ. ಅರ್ಜಿಯ ಪ್ರತಿ ಇಟ್ಟುಕೊಂಡು ಆ ದಿನವೇ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ತಿಳಿಸಿ. ಹೆಸರು ತೆಗೆಸುವ ಪತ್ರ ಬರೆಯುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕಾಣಿ.